ಹುಂಜದ ಚಿಲ್ಲರೆ

ನಮ್ಮ ಮಲಾವಿಯಲ್ಲಿ ದುಡ್ಡಿಗೆ ಕ್ವಾಚಾ ಎನ್ನುತ್ತೇವೆ,
ಬೆಳಗಾಯಿತು ಎಂದು ಅರ್ಥ.
ಚಿಲ್ಲರೆಗೆ ತಂಬಾಲಾ, ಅಂದರೆ ಹುಂಜ.
ನೂರು ಹುಂಜ ಕೂಗಿದರೆ ಒಂದು ಬೆಳಗು:
ಮಕ್ಕಳಿಗೆ ಮೂವತ್ತು ವರ್ಷ ಹೀಗೇ ಲೆಕ್ಕ ಕಲಿಸಿದೆ.
ಈಗ ಹುಂಜ ಯಾರ ಜೇಬಿನಲ್ಲೂ ಇಲ್ಲ.
ಸರೋವರದ ದಂಡೆಯ ನಮ್ಮ ರೇಡಿಯೋಕ್ಕೆ
ಜಮಾಖರ್ಚು ಬರೆಯುತ್ತೇನೆ. ಸಂಬಳವಿಲ್ಲ.

ಎರಡು ಕೋಣೆ. ಗೋಡೆ ತುಂಬ ಮೊಟ್ಟೆಯ ಟ್ರೇ,
ಹೊರಗಿನ ಸದ್ದು ಒಳಗೆ ಬಾರದಿರಲಿ ಎಂದು.
ಆದರೂ ಫಲೇಸಿ ಸುದ್ದಿ ಓದುವಾಗ
ಹಿಂದೆ ಯಾರೋ ಉಸಿಪಾ ಮೀನು ಹರವುವುದು ಕೇಳುತ್ತದೆ,
ಕಾಗೆಗೆ ಬೀಳುವ ಬೈಗುಳವೂ.

ಪರದೇಶದ ಸಂಸ್ಥೆ ಮೂರು ವರ್ಷ ಹಣ ಕೊಟ್ಟಿತು,
ನಾಲ್ಕನೆಯ ವರ್ಷ ಒಂದು ಫಾರಂ ಕೊಟ್ಟಿತು.
ಕೇಳುಗರು ಎಷ್ಟು? ಕೇಳಿ ಬದಲಾದವರು ಎಷ್ಟು?
ನಾನು ಪೆನ್ಸಿಲ್ ಕಚ್ಚಿಕೊಂಡು ಕೂತೆ.
ಅಂದು ಬೆಳಿಗ್ಗೆ ಓದಿದ್ದು ಇಷ್ಟು:
ಮೇಕೆಯೊಂದು ಕಳೆದಿದೆ, ಬಲಗಿವಿ ಸೀಳು;
ಚುಚ್ಚುಮದ್ದಿನ ನರ್ಸಮ್ಮ ಮಂಗಳವಾರ ಬರುವುದಿಲ್ಲ;
ದೋಣಿ ಕೊರೆಯುವ ಯೊಫತಿ ತೀರಿಕೊಂಡ, ನಾಳೆ ಎರಡಕ್ಕೆ ಮಣ್ಣು.
ಮೇಕೆ ಸಿಕ್ಕಿತು.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?
ಮಣ್ಣಿಗೆ ಬಂದವರು ಬದಲಾದವರೇ?

ಆಮೇಲೆ ಆ ಜೂನ್ ಸಂಜೆ
ಬ್ಯಾಟರಿ ಹೊಟ್ಟೆಯುಬ್ಬಿ ಸತ್ತಿತು,
ಡೀಸೆಲಿಗೆ ಎಲ್ಲೂ ಸಾಲ ಹುಟ್ಟಲಿಲ್ಲ.
ಆರು ಗಂಟೆಗೆ ಫಲೇಸಿ ಗಾಳಿಯ ಸುದ್ದಿ ಹೇಳಬೇಕಿತ್ತು,
ದಕ್ಷಿಣದಿಂದ ಮ್ವೇರಾ ಎದ್ದಿದೆಯೋ ಮಲಗಿದೆಯೋ ಎಂದು.
ಆರೂಕಾಲಾಯಿತು. ಆರೂವರೆ.
ಮರಳಿನ ಮೇಲೆ ನಲವತ್ತಮೂರು ದೋಣಿ,
ಪ್ರತಿ ದೋಣಿಯಲ್ಲೂ ಒಂದು ರೇಡಿಯೋ,
ರೇಡಿಯೋ ತುಂಬ ಬರೀ ಜರಜರ.
ಆ ಹುಡುಗಿ ಬಾಯಿ ಬಿಡುತ್ತಿಲ್ಲವೆಂದರೆ
ಹೇಳಬಾರದಂಥದ್ದೇ ಏನೋ ಬರುತ್ತಿದೆ ಎಂದುಕೊಂಡರು.
ಒಂದು ದೋಣಿಯೂ ನೀರಿಗಿಳಿಯಲಿಲ್ಲ.

ಆ ರಾತ್ರಿ ಸರೋವರ ಎಣ್ಣೆಯ ಹಾಗೆ ಮಲಗಿತ್ತು.
ನಕ್ಷತ್ರಗಳನ್ನು ಬಲೆಯಲ್ಲೇ ಎತ್ತಬಹುದಿತ್ತು.

ಬೆಳಗಾಗುವ ಮೊದಲೇ ಜೈಲೊಸಿ ಬಾಗಿಲು ಗುದ್ದಿದ:
"ಒಂದು ರಾತ್ರಿಯ ಮೀನು ತಿಂದಿರಲ್ಲ!
ರೇಡಿಯೋ ಕೆಟ್ಟಿದೆ ಅಂತ
ರೇಡಿಯೋದಲ್ಲೊಂದು ಮಾತು ಹೇಳಲಿಕ್ಕಾಗಲಿಲ್ಲವೇ?"
ನಗು ಬಂತು, ನುಂಗಿಕೊಂಡೆ.
ಅವನು ಬಂಡೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದ;
ಕಳೆದ ಮೀನಿನ ಬೆಲೆ ನಮ್ಮ ವರ್ಷದ ಡೀಸೆಲ್ ದಾಟಿತು.
ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಅಂದ, "ವಾರಕ್ಕೆ ದೋಣಿಗೊಂದು ತಟ್ಟೆ."

ಆ ವಾರದ ಜಮಾ: ಉಸಿಪಾ, ನಲವತ್ತೊಂದು ತಟ್ಟೆ.
ಎರಡು ದೋಣಿಯವರು ಕೊಡಲಿಲ್ಲ. ಅವರೂ ಕೇಳುತ್ತಾರೆ.
ಅವರಿಗೆ ಮಾತ್ರ ಗಾಳಿಯ ಸುದ್ದಿ ಮುಚ್ಚಿಡಲು
ಯಾವ ಯಂತ್ರಕ್ಕೂ ಬರುವುದಿಲ್ಲ, ಬಂದರೂ ಬೇಡ.
ಫಾರಮ್ಮಿನಲ್ಲಿ ಕೇಳುಗರ ಮುಂದೆ ಬರೆದೆ:
ಹೊರಡದೆ ನಿಂತ ದೋಣಿ, ನಲವತ್ತಮೂರು.
ಉತ್ತರ ಬಂದಿಲ್ಲ.

ಪರವಾನಗಿಯ ಶುಲ್ಕಕ್ಕೆ ರಾಜಧಾನಿಯಲ್ಲಿ
ಒಣಮೀನು ಎಣಿಸಿಕೊಳ್ಳುವುದಿಲ್ಲ.
ಚುನಾವಣೆಗೆ ನಿಂತವರೊಬ್ಬರು ಹೊಸ ಬ್ಯಾಟರಿ ಕಳಿಸಿದ್ದಾರೆ,
ಡಬ್ಬದ ಮೇಲೆ ಅವರದೇ ಪಟ, ಕೆನ್ನೆ ತುಂಬಿದ ನಗು.
ಬದಲಿಗೆ ಭಾನುವಾರ ಒಂದೇ ಒಂದು ಗಂಟೆ.
ಚಾಪೆಯ ಮೇಲೆ ಸಮಿತಿ ಎರಡಾಯಿತು.
"ತೆಗೆದುಕೊಳ್ಳೋಣ, ಗಂಟೆ ಒಂದೇ ತಾನೇ" ಎಂದೆ, ಸುಳ್ಳು ಹೇಳಲಾರೆ,
ಲೆಕ್ಕ ಬರೆಯುವವನ ಕಷ್ಟ ಅವನಿಗೇ ಗೊತ್ತು.
ಫಲೇಸಿ ತಲೆಯೆತ್ತದೆ ಹೇಳಿದಳು:
"ಆಮೇಲೆ ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ
ಅವರನ್ನೇ ಕೇಳಬೇಕಾಗುತ್ತದೆ, ಮೇಷ್ಟ್ರೇ."

ಡಬ್ಬ ಇನ್ನೂ ಮೂಲೆಯಲ್ಲಿದೆ.
ತೆರೆದಿಲ್ಲ, ವಾಪಸು ಕಳಿಸಿಯೂ ಇಲ್ಲ.
ನಗುವನ್ನು ಯಾರೋ ಗೋಡೆಯ ಕಡೆ ತಿರುಗಿಸಿಟ್ಟಿದ್ದಾರೆ.
ಜೋಳದ ಗಿರಣಿಯಿಂದ ಕಡ ತಂದ ಬ್ಯಾಟರಿಗೆ
ತಂತಿ ಸಿಕ್ಕಿಸಿ ಅವಳು ಗಂಟಲು ಸರಿಮಾಡುತ್ತಾಳೆ.
ನನ್ನ ಲೆಕ್ಕದ ಪುಸ್ತಕ ಮೀನು ನಾರುತ್ತದೆ,
ಎಲ್ಲಿಟ್ಟರೂ ಅದರ ಮೇಲೊಂದು ಬೆಕ್ಕು.
ಆರು ಗಂಟೆ.
ಬೆಕ್ಕನ್ನು ಎಬ್ಬಿಸದೆ ನಾನೂ ಕೇಳುತ್ತೇನೆ.